ತಲೆಕಟ್ಟಿನ ಚರಿತ್ರೆ ಮತ್ತು ಕನ್ನಡದ ದಪ್ಪಕ್ಷರ

ಅಚ್ಚಕ್ಷರಗಳನ್ನು ವರ್ಗೀಕರಿಸುವಾಗ ಇಂದು ಕನ್ನಡದಲ್ಲಿಯೂ ಬಳಕೆಯಲ್ಲಿರುವ ವಿಶೇಷಣಗಳಲ್ಲಿ ನಾಲ್ಕು ಬಹುಮಟ್ಟಿಗೆ ಜೊತೆಯಾಗಿಯೇ ಬರುತ್ತವೆ: ದಪ್ಪ, ದುಂಡು, ಜ್ಯಾಮಿತೀಯ, ಸ್ಯಾನ್ಸ್ ಸೆರಿಫ್. ಅಂಗಡಿಯ ಹೆಸರುಹಲಗೆ, ಸಿನಿಮಾದ ಭಿತ್ತಿಪತ್ರ, ಮಕ್ಕಳ ಪುಸ್ತಕದ ಮುಖಪುಟ, ಬಸ್ಸಿನ ಹಣೆಬರಹ ಮುಂತಾಗಿ ದೂರದಿಂದ ಕಣ್ಣಿಗೆ ಬೀಳಬೇಕಾದ ಕಡೆಗಳಲ್ಲಿ ಬೇಕಾಗುವ ಅಕ್ಷರಗಳಿವು. ಈ ಲೇಖನದಲ್ಲಿ ಇವನ್ನು ಒಟ್ಟಾಗಿ ಫಲಕಾಕ್ಷರಗಳೆಂದು ಕರೆಯಲಾಗಿದೆ. ನಾಲ್ಕೂ ವಿಶೇಷಣಗಳು ಹುಟ್ಟಿದ್ದು ರೋಮನ್ ಲಿಪಿಯ ಮುದ್ರಣ ಚರಿತ್ರೆಯಲ್ಲಿ. ಅಲ್ಲಿ ಪ್ರತಿಯೊಂದಕ್ಕೂ ಒಂದು ನಿರ್ದಿಷ್ಟ ಪ್ರತಿಪಕ್ಷವಿದೆ. ಗೆರೆಯ ತುದಿಯಲ್ಲಿ ಅಡ್ಡಗಾಲುಳ್ಳ ಅಕ್ಷರಕ್ಕೆ ಎದುರಾಗಿ ಅಡ್ಡಗಾಲಿಲ್ಲದ ಅಕ್ಷರ, ಲೇಖನಿಯ ಏರಿಳಿತವನ್ನು ಅನುಸರಿಸುವ ಗೆರೆಗೆ ಎದುರಾಗಿ ಕೈವಾರ ಮತ್ತು ಅಳತೆಪಟ್ಟಿಯಿಂದ ಎಳೆದಂಥ ಗೆರೆ. ಪಾಲ್ ರೆನ್ನರನ 1927ರ ಫ್ಯೂಚುರಾ ಜ್ಯಾಮಿತೀಯವೆನಿಸಿಕೊಂಡದ್ದು, ಫೋಕ್ಸ್‌ವಾಗನ್ ಸಂಸ್ಥೆಗಾಗಿ 1979ರಲ್ಲಿ ಸಿದ್ಧವಾದ ಅಕ್ಷರಗಳು ದುಂಡೆನಿಸಿಕೊಂಡದ್ದು ಇಂಥ ವಿರೋಧಗಳ ನಡುವೆ ನಿಂತೇ. ಕನ್ನಡಕ್ಕೆ ಬಂದೊಡನೆ ಈ ವಿರೋಧಗಳು ಸಡಿಲಗೊಳ್ಳುತ್ತವೆ. ಎಲ್ಲ ಅಕ್ಷರಗಳೂ ದುಂಡಾಗಿರುವ ಲಿಪಿಯಲ್ಲಿ ದುಂಡೆಂಬ ವಿಶೇಷಣ ಯಾವುದನ್ನು ಬೇರ್ಪಡಿಸುತ್ತದೆ? ಸೆರಿಫನ್ನು ತೆಗೆದುಹಾಕಬೇಕೆಂದರೆ ತೆಗೆಯುವುದು ಏನನ್ನು?

ಎರಡನೆಯ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ಕನ್ನಡ ಲಿಪಿಗೆ ಸೆರಿಫ್ ಇಲ್ಲ, ಆದ್ದರಿಂದ ಪ್ರಶ್ನೆಯೇ ಅಸಂಗತ ಎಂಬುದು. ಈ ಉತ್ತರವನ್ನು ಒಪ್ಪುವುದು ಕಷ್ಟ. ಲಿಪಿಚರಿತ್ರೆಯ ದೃಷ್ಟಿಯಿಂದ ನೋಡಿದರೆ ಕನ್ನಡಕ್ಕೆ ಸೆರಿಫ್ ಇತ್ತು. ಅದನ್ನು ಕನ್ನಡ ಉಳಿಸಿಕೊಂಡಿತು. ಉಳಿಸಿಕೊಂಡು ಅದಕ್ಕೊಂದು ವ್ಯಾಕರಣ ಕಾರ್ಯವನ್ನು ವಹಿಸಿತು. ಆ ಸೆರಿಫೇ ತಲೆಕಟ್ಟು. ಅಲಂಕಾರವಾಗಿ ಹುಟ್ಟಿದ ಗೆರೆಯೊಂದು ಲಿಪಿವ್ಯವಸ್ಥೆಯ ಘಟಕವಾಗಿ ಮಾರ್ಪಟ್ಟ ಈ ಕಥೆಯನ್ನು ಬಿಟ್ಟು ಕನ್ನಡದ ದಪ್ಪಕ್ಷರವನ್ನು ವಿವರಿಸಲಾಗದು ಎಂಬುದು ಇಲ್ಲಿಯ ವಾದ. ನಿದರ್ಶನಗಳನ್ನು ಆದಷ್ಟೂ ಕಾರ್ಕಳ, ಉಡುಪಿ, ಮಣಿಪಾಲ, ಕಾಪು ಈ ಸೀಮಿತ ಪ್ರದೇಶದಿಂದ ಆರಿಸಲಾಗಿದೆ. ಈ ನಾಲ್ಕು ಹೆಸರುಗಳೇ ತಲೆಕಟ್ಟಿನ ಬಹುತೇಕ ಎಲ್ಲ ವರ್ತನೆಗಳನ್ನೂ ತೋರಿಸಿಕೊಡುತ್ತವೆ ಎಂಬುದು ಆಯ್ಕೆಗೆ ಒಂದು ಕಾರಣ.

ತಲೆಗುರುತಿನಿಂದ ತಲೆಕಟ್ಟಿಗೆ

ಬ್ರಾಹ್ಮಿಯಿಂದ ಕವಲೊಡೆದ ಲಿಪಿಗಳಲ್ಲಿ, ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿಯೇ, ಲಂಬವಾಗಿ ಇಳಿಯುವ ಗೆರೆಯ ಮೇಲ್ತುದಿಯಲ್ಲಿ ಚಿಕ್ಕದೊಂದು ಉಬ್ಬು ಕಾಣಿಸಿಕೊಳ್ಳುತ್ತದೆ. ಲೇಖನಿ ಮೊದಲು ತಾಗಿದ ಕಡೆಯಲ್ಲಿ ಶಾಯಿ ತುಂಬಿಕೊಳ್ಳುವುದರಿಂದ ಉಂಟಾದ ಆಕಾರವಿದು, ಕಲ್ಲುಕುಟಿಗನು ಅದನ್ನು ನಿಷ್ಠೆಯಿಂದ ಕಲ್ಲಿಗೆ ತಂದನು ಎಂಬುದು ಲಿಪಿಶಾಸ್ತ್ರಜ್ಞರು ಕೊಡುವ ವಿವರಣೆ. ರೋಮನ್ ಶಿಲಾಕ್ಷರಗಳ ಸೆರಿಫಿಗೂ ಕುಂಚದ ಚಲನೆಯೇ ಮೂಲವೆಂದು ಎಡ್ವರ್ಡ್ ಕ್ಯಾಟಿಚ್ 1968ರಲ್ಲಿ ವಾದಿಸಿದ್ದು ಇಲ್ಲಿ ನೆನಪಿಗೆ ಬರುತ್ತದೆ. ಎರಡು ಲಿಪಿಕುಟುಂಬಗಳಲ್ಲಿ ಪರಸ್ಪರ ಸಂಬಂಧವಿಲ್ಲದೆ ಒಂದೇ ಬಗೆಯ ಉಪಕರಣ ಒಂದೇ ಬಗೆಯ ಉಬ್ಬನ್ನು ಹುಟ್ಟಿಸಿತು. ಆಮೇಲಿನ ಹಾದಿಗಳು ಮಾತ್ರ ಬೇರೆಯಾದವು.

ದಖ್ಖನ್ನಿನಲ್ಲಿ ಈ ತಲೆಗುರುತು ಪುಟ್ಟ ಪೆಟ್ಟಿಗೆಯ ರೂಪ ತಾಳಿತು. ವಾಕಾಟಕರ ತಾಮ್ರಪಟಗಳಲ್ಲಿಯೂ ಕದಂಬರ ತಾಳಗುಂದದ ಸ್ತಂಭಶಾಸನದಲ್ಲಿಯೂ ಪೆಟ್ಟಿಗೆತಲೆಯ ಅಕ್ಷರಗಳನ್ನು ಕಾಣಬಹುದು. ಈ ಹಂತದಲ್ಲಿ ಅದು ಶುದ್ಧ ಅಲಂಕಾರ. ಅದಿದ್ದರೂ ಇಲ್ಲದಿದ್ದರೂ ಅಕ್ಷರದ ಓದು ಬದಲಾಗುವುದಿಲ್ಲ. ಮುಂದೆ ಉತ್ತರದ ಲಿಪಿಗಳಲ್ಲಿ ತಲೆಗುರುತು ಅಡ್ಡಲಾಗಿ ಹಬ್ಬಿ, ನೆರೆಯ ಅಕ್ಷರದ ತಲೆಗುರುತಿನೊಡನೆ ಕೂಡಿಕೊಂಡು ನಾಗರಿಯ ಶಿರೋರೇಖೆಯಾಯಿತು. ಒಡಿಯಾದಲ್ಲಿ ಬಾಗಿ ಕೊಡೆಯಂತಾಯಿತು. ತಮಿಳು, ಮಲಯಾಳಗಳು ಅದನ್ನು ಕೈಬಿಟ್ಟವು. ಕನ್ನಡ ಮತ್ತು ತೆಲುಗುಗಳಲ್ಲಿ ಅದು ಅಕ್ಷರದ ಮೈಯಿಂದ ಸ್ವಲ್ಪಮಟ್ಟಿಗೆ ಬಿಡಿಸಿಕೊಂಡು, ತನ್ನದೇ ಚಲನೆಯುಳ್ಳ ಪ್ರತ್ಯೇಕ ಗೆರೆಯಾಯಿತು. ಮೈಯಿಂದ ಬೇರ್ಪಟ್ಟದ್ದು ಮುಖ್ಯವಾದ ಘಟನೆ. ಬೇರ್ಪಟ್ಟದ್ದನ್ನು ಮಾತ್ರ ಬದಲಾಯಿಸಲು ಬರುತ್ತದೆ, ಅದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುತ್ತದೆ.

ಕಾರ್ಕಳದಿಂದ ಪಡುಬಿದ್ರಿಯ ಕಡೆಗೆ ಹೋಗುವ ದಾರಿಯಲ್ಲಿ ನಿಟ್ಟೆಯನ್ನು ದಾಟಿದರೆ ಬೆಳ್ಮಣ್ಣು ಸಿಗುತ್ತದೆ. ಆಳುಪ ದೊರೆ ಎರಡನೆಯ ಆಳುವರಸನ ಕಾಲದ, 8ನೆಯ ಶತಮಾನದ ಆರಂಭದ್ದೆಂದು ಹೇಳಲಾಗುವ ಬೆಳ್ಮಣ್ಣು ತಾಮ್ರಪಟ ಇಲ್ಲಿಯದು. ಸಂಪೂರ್ಣವಾಗಿ ಕನ್ನಡದಲ್ಲಿರುವ ತಾಮ್ರಪಟಗಳಲ್ಲಿ ಅದೇ ಅತ್ಯಂತ ಹಳೆಯದೆಂಬ ಮನ್ನಣೆ ಅದಕ್ಕಿದೆ. ಆಳುಪರ ಲಾಂಛನವಾದ ಜೋಡಿ ಮೀನು ಅದರ ಮೇಲಿದೆ. ಕಾರ್ಕಳದಲ್ಲಿಯೇ 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಗೊಮ್ಮಟನಿದ್ದಾನೆ, 1586ರ ಚತುರ್ಮುಖ ಬಸದಿಯಿದೆ. ಬೆಳ್ಮಣ್ಣಿನ ತಾಮ್ರದಿಂದ ಚತುರ್ಮುಖ ಬಸದಿಯ ಕಲ್ಲಿಗೆ ಇರುವ ದೂರ ಕೆಲವು ಮೈಲಿ. ಕಾಲದಲ್ಲಿ ಎಂಟುನೂರಕ್ಕೂ ಹೆಚ್ಚು ವರ್ಷ. ಮೊದಲನೆಯದನ್ನು ಓದಲು ಲಿಪಿಶಾಸ್ತ್ರದ ತರಬೇತಿ ಬೇಕು. ಎರಡನೆಯ ಕಾಲದ ಲಿಪಿಯನ್ನು ಇಂದಿನ ಓದುಗನು ತುಸು ಶ್ರಮಪಟ್ಟರೆ ಓದಿಕೊಂಡಾನು. ಆ ಅವಧಿಯಲ್ಲಿ ಅಕ್ಷರಗಳ ಮೈ ದುಂಡಗಾದುದನ್ನು ಎಲ್ಲರೂ ಗುರುತಿಸಿದ್ದಾರೆ. ತಲೆ ಸ್ವತಂತ್ರವಾದುದರ ಬಗ್ಗೆ ಮಾತು ಕಡಿಮೆ.

ದುಂಡಗಾದುದಕ್ಕೆ ತಾಳೆಗರಿಯೇ ಕಾರಣವೆಂಬ ಮಾತು ಪಠ್ಯಪುಸ್ತಕಗಳಲ್ಲಿ ನೆಲೆಯೂರಿದೆ. ಕಂಠದಿಂದ ಅಡ್ಡಗೆರೆ ಕೊರೆದರೆ ಗರಿ ನಾರಿನ ಗುಂಟ ಸೀಳುತ್ತದೆ, ಆದ್ದರಿಂದ ಬರೆಯುವವರು ಬಾಗುಗೆರೆಗಳನ್ನು ಬಳಸಿದರು ಎಂಬ ತರ್ಕದಲ್ಲಿ ಹುರುಳಿಲ್ಲದಿಲ್ಲ. ಆದರೆ ಅದೇ ಗರಿಯ ಮೇಲೆ ಬರೆದ ತಮಿಳು ನೆಟ್ಟಗಿನ ಗೆರೆಗಳನ್ನು ಉಳಿಸಿಕೊಂಡಿದೆ. ಉಪಕರಣವು ಒಲವನ್ನು ತರಬಲ್ಲದು, ವ್ಯವಸ್ಥೆಯನ್ನು ತಾನೇ ನಿರ್ಧರಿಸಲಾರದು.

ಇನ್ನು ವ್ಯವಸ್ಥೆಯೊಳಗೆ ತಲೆಕಟ್ಟಿನ ಸ್ಥಾನವನ್ನು ನೋಡಬೇಕು. ಕಾಗುಣಿತ ಹೇಳಿಕೊಡುವ ಶಾಲೆಯ ಪಾಠದಲ್ಲಿ ತಲೆಕಟ್ಟು ಅಕಾರದ ಚಿಹ್ನೆ: ತಲೆಕಟ್ಟು ಕೊಟ್ಟರೆ ಕ, ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ, ಕೊಂಬು ಕೊಟ್ಟರೆ ಕು. ಬೋಧನೆಗೆ ಇದು ಅನುಕೂಲ, ವಿವರಣೆಯಾಗಿ ನಿಲ್ಲುವುದಿಲ್ಲ. ಕು, ಕೂ, ಕೃ ಇವುಗಳಲ್ಲಿ ಅಕಾರವಿಲ್ಲ, ತಲೆಕಟ್ಟು ಇದೆ. ಖ, ಜ, ಟ, ಣ, ಬ, ಲ ಇವುಗಳಲ್ಲಿ ಅಕಾರವಿದೆ, ತಲೆಕಟ್ಟಿಲ್ಲ. ಗುಡಿಸು, ಎತ್ವ, ಔತ್ವ ಬಂದಾಗ ತಲೆಕಟ್ಟು ಹೋಗುತ್ತದೆ. ಸ್ವರವೇ ಇಲ್ಲದ ಕ್ ಎಂಬಲ್ಲಿಯೂ ಹೋಗುತ್ತದೆ. ಈ ವಿತರಣೆಯನ್ನು ಒಟ್ಟಾಗಿ ನೋಡಿದರೆ ಹೊಳೆಯುವುದಿಷ್ಟು: ಅಕ್ಷರದ ನೆತ್ತಿಯಲ್ಲಿ ಒಂದು ಸ್ಥಾನವಿದೆ. ಬೇರೆ ಚಿಹ್ನೆಯು ಆ ಸ್ಥಾನಕ್ಕೆ ಬರದಿದ್ದರೆ ತಲೆಕಟ್ಟು ಅಲ್ಲಿ ಕುಳಿತಿರುತ್ತದೆ, ಬಂದರೆ ಎದ್ದುಹೋಗುತ್ತದೆ. ಕೊಂಬು ಕೆಳಗಿನಿಂದ ಬರುವುದರಿಂದ ತಲೆಕಟ್ಟು ಏಳಬೇಕಾಗಿಲ್ಲ. ಅದರ ಧ್ವನಿಮೌಲ್ಯ ಶೂನ್ಯ, ಸ್ಥಾನಮೌಲ್ಯ ಪೂರ್ಣ.

ಈ ಸ್ಥಾನ ವ್ಯಂಜನದ್ದೂ ಅಲ್ಲ. ಅಕ್ಕ ಎಂಬ ಪದದಲ್ಲಿ ತಲೆಕಟ್ಟು ಕುಳಿತಿರುವುದು ಮೊದಲನೆಯ ಕಕಾರದ ಮೇಲೆ, ಅಂದರೆ ಸ್ವರವಿಲ್ಲದ ವ್ಯಂಜನದ ಮೇಲೆ. ಸ್ವರವುಳ್ಳ ಎರಡನೆಯ ಕಕಾರವು ಒತ್ತಾಗಿ ಕೆಳಗಿಳಿದು ಬೋಳುತಲೆಯಲ್ಲಿದೆ. ಅಕ್ಕಿ ಎಂದಾಗಲೂ ಗುಡಿಸು ಮೇಲಿನದಕ್ಕೇ. ಆದ್ದರಿಂದ ತಲೆಕಟ್ಟು ಸೇರುವುದು ವ್ಯಂಜನಕ್ಕಲ್ಲ, ಬರಹದ ಉಚ್ಚಾರಾಂಶಕ್ಕೆ. ಮೇಲೆ ಹೇಳಿದ ನಾಲ್ಕು ಊರುಗಳ ಹೆಸರುಗಳನ್ನು ಈ ಬೆಳಕಿನಲ್ಲಿ ಗಮನಿಸಬಹುದು. ಮಣಿಪಾಲದಲ್ಲಿ ತಲೆಕಟ್ಟು ಮೊದಲ ಅಕ್ಷರದಲ್ಲಿ ತಾನಾಗಿಯೇ ಇದೆ, ಎರಡನೆಯದರಲ್ಲಿ ಗುಡಿಸು ಬಂದಿದೆ, ಮೂರನೆಯದರಲ್ಲಿ ಇಳಿಯೊಡನೆ ಬೆಸೆದುಕೊಂಡಿದೆ, ನಾಲ್ಕನೆಯದಕ್ಕೆ ಅದು ಹುಟ್ಟಿನಿಂದಲೇ ಇಲ್ಲ. ಉಡುಪಿಯ ಡುಕಾರದಲ್ಲಿಯೂ ಕಾಪುವಿನ ಪುಕಾರದಲ್ಲಿಯೂ ಅಕಾರವಿಲ್ಲದೆ ತಲೆಕಟ್ಟು ಉಳಿದಿದೆ. ಕಾರ್ಕಳದ ನಡುವಿನ ಅಕ್ಷರ ಇನ್ನಷ್ಟು ಸ್ವಾರಸ್ಯದ್ದು. ಅಲ್ಲಿ ಮೊದಲು ಉಚ್ಚಾರವಾಗುವ ರೇಫವು ಅರ್ಕಾವತ್ತಾಗಿ ಕಕಾರದ ಬಲಕ್ಕೆ ಸರಿದಿದೆ. ಸಾಮಾನ್ಯ ಒತ್ತಕ್ಷರದ ನಿಯಮ ಇಲ್ಲಿ ತಿರುವುಮುರುವಾಗಿ, ತಲೆಕಟ್ಟು ಮಾತ್ರ ಎಂದಿನಂತೆ ಇದ್ದಲ್ಲಿಯೇ ಇದೆ.

ಹೀಗಿರುವಾಗ ಕನ್ನಡದಲ್ಲಿ ಸ್ಯಾನ್ಸ್ ಸೆರಿಫ್ ಎಂದರೆ ತಲೆಕಟ್ಟಿಲ್ಲದ ಅಕ್ಷರವೆಂದು ಅರ್ಥವಾಗಲಾರದು. ಹಾಗೆ ಮಾಡಿದರೆ ಓದು ತಡವರಿಸುತ್ತದೆ. ರೂಢಿಯಲ್ಲಿ ಅದಕ್ಕೆ ಬಂದಿರುವ ಅರ್ಥ ಬೇರೆ: ಗೆರೆಯ ದಪ್ಪದಲ್ಲಿ ಏರಿಳಿತ ಕಡಿಮೆ, ತುದಿಗಳಲ್ಲಿ ಹನಿಯಾಗಲಿ ಕೊಕ್ಕೆಯಾಗಲಿ ಇಲ್ಲ. ಪದ ಹಾಗೆಯೇ ಉಳಿದು, ಅದು ನಿರಾಕರಿಸುವ ವಸ್ತು ಬದಲಾಗಿದೆ.

ಮೊಳೆಯಿಂದ ಸಂಕೇತಕ್ಕೆ

ಕಾಲಾನುಕ್ರಮದಲ್ಲಿ ಒಂದು ಆಕಸ್ಮಿಕವಿದೆ. ಲಂಡನ್ನಿನಲ್ಲಿ ನಾಲ್ಕನೆಯ ವಿಲಿಯಂ ಕ್ಯಾಸ್ಲಾನ್ ಸೆರಿಫ್ ಇಲ್ಲದ ಮೊದಲ ಅಚ್ಚುಮೊಳೆಗಳನ್ನು ತನ್ನ ಮಾದರಿಪುಸ್ತಕದಲ್ಲಿ ತೋರಿಸಿದ್ದು 1816ರಲ್ಲಿ. ವಿಲಿಯಂ ಕೇರಿಯ ಕರ್ಣಾಟ ಭಾಷೆಯ ವ್ಯಾಕರಣವು ಕನ್ನಡ ಮೊಳೆಗಳೊಡನೆ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ರೋಮನ್ ಲಿಪಿ ಸೆರಿಫನ್ನು ಕಳಚಿಡಲು ಆರಂಭಿಸಿದ ಹೊತ್ತಿಗೆ ಕನ್ನಡ ತನ್ನ ತಲೆಕಟ್ಟನ್ನು ಸೀಸದಲ್ಲಿ ಎರಕ ಹೊಯ್ಯುತ್ತಿತ್ತು. ಎರಡಕ್ಕೂ ಸಂಬಂಧವಿಲ್ಲ. ಆದರೆ ಲಂಡನ್ನಿನ ಮೊಳೆಗಳ ಹಿಂದೆ ಜಾಹೀರಾತಿನ ಮಾರುಕಟ್ಟೆಯಿತ್ತು, ಸೆರಾಂಪುರದ ಮೊಳೆಗಳ ಹ��ಂದೆ ವ್ಯಾಕರಣ ಮತ್ತು ಧರ್ಮಗ್ರಂಥಗಳಿದ್ದವು ಎಂಬ ವ್ಯತ್ಯಾಸ ಮುಂದಿನ ನೂರು ವರ್ಷಗಳ ಮೇಲೆ ನೆರಳು ಚೆಲ್ಲಿತು. ಕನ್ನಡದ ಅಚ್ಚುಮೊಳೆ ಮೊದಲಿಗೆ ಒಡಲಬರಹದ ಮೊಳೆ. ಫಲಕಾಕ್ಷರ ಅದರ ಹೊರಗೆ ಬೆಳೆಯಿತು.

ಕರಾವಳಿಯಲ್ಲಿ ಆರಂಭವಾದದ್ದಂತೂ ಮೊಳೆಯಿಂದಲೇ ಅಲ್ಲ. 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಮುದ್ರಣಾಲಯವು ಮೊದಲು ಕಲ್ಲಚ್ಚನ್ನು ಬಳಸಿತು. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಮಂಗಳೂರ ಸಮಾಚಾರವೂ ಕಲ್ಲಚ್ಚಿನದೇ. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುವುದರಿಂದ ತಲೆಬರಹವನ್ನು ಬೇಕಾದಷ್ಟು ದೊಡ್ಡದಾಗಿ, ದಪ್ಪಗೆ ಬರೆಯಲು ಯಾವ ಅಡ್ಡಿಯೂ ಇಲ್ಲ. ಸೀಸದ ಮೊಳೆ ಬಂದ ಮೇಲೆ ಈ ಸ್ವಾತಂತ್ರ್ಯ ಮೊಟಕಾಯಿತು. ನೂರಾರು ಮೊಳೆಗಳು ಬೇಕಾಗುವ ಲಿಪಿಯನ್ನು ಪ್ರತಿ ಗಾತ್ರದಲ್ಲಿಯೂ ಪ್ರತಿ ತೂಕದಲ್ಲಿಯೂ ಎರಕ ಹೊಯ್ಯುವುದು ದುಬಾರಿ. ಆದ್ದರಿಂದ ದೊಡ್ಡ ತಲೆಬರಹ ಬೇಕಾದಾಗ ಕಲಾವಿದನಿಂದ ಬರೆಯಿಸಿ ಬ್ಲಾಕ್ ಮಾಡಿಸುವುದು ಮೊಳೆಯುಗದುದ್ದಕ್ಕೂ ಮುದ್ರಣಾಲಯಗಳ ರೂಢಿಯಾಗಿತ್ತು. ಕನ್ನಡದ ಫಲಕಾಕ್ಷರದ ಚರಿತ್ರೆಯನ್ನು ಮೊಳೆಗಳ ಮಾದರಿಪುಸ್ತಕಗಳಲ್ಲಿ ಮಾತ್ರ ಹುಡುಕಿದರೆ ಅದರ ಬಹುಪಾಲು ತಪ್ಪಿಹೋಗುವುದು ಇದರಿಂದಲೇ. ಅದು ಬ್ಲಾಕುಗಳಲ್ಲಿಯೂ ಬಣ್ಣದ ಡಬ್ಬಿಯಲ್ಲಿಯೂ ಇದೆ.

ಕೈಬರಹದ ಫಲಕಕಾರನಿಗೆ ಮೊಳೆಗೆ ಇಲ್ಲದ ಒಂದು ಅನುಕೂಲವಿತ್ತು. ಆತ ಬರೆಯುವುದು ಅಕ್ಷರಮಾಲೆಯನ್ನಲ್ಲ, ಒಂದು ನಿರ್ದಿಷ್ಟ ಪದವನ್ನು. ಕಾರ್ಕಳ ಎಂದು ಬರೆಯುವಾಗ ಅರ್ಕಾವತ್ತಿಗೆ ಎಷ್ಟು ಜಾಗ ಬಿಡಬೇಕು, ಅದಕ್ಕಾಗಿ ಕಕಾರವನ್ನು ಎಷ್ಟು ಕುಗ್ಗಿಸಬೇಕು ಎಂಬುದನ್ನು ಆ ಹಲಗೆಯ ಮೇಲೆ ಆಗಲೇ ತೀರ್ಮಾನಿಸಬಹುದು. ಅಚ್ಚಕ್ಷರವನ್ನು ರೂಪಿಸುವವರು ಇಂಥ ಸಾವಿರ ತೀರ್ಮಾನಗಳನ್ನು ಮುಂದಾಗಿಯೇ, ಪದ ಯಾವುದೆಂದು ತಿಳಿಯದೆ ಮಾಡಬೇಕಾಗುತ್ತದೆ.

ಮಣಿಪಾಲ ಈ ಚರಿತ್ರೆಯೊಳಗೆ ಬರುವುದು ಮುದ್ರಣದ ಮೂಲಕ. 1941ರಲ್ಲಿ ಮಣಿಪಾಲ ಪವರ್ ಪ್ರೆಸ್ ಸ್ಥಾಪನೆಯಾಯಿತು. 1970ರ ಜನವರಿ 1ರಂದು ಉದಯವಾಣಿ ದಿನಪತ್ರಿಕೆ ಇಲ್ಲಿಂದ ಹೊರಟಿತು. ಆದರೆ ತಲೆಕಟ್ಟಿನ ದೃಷ್ಟಿಯಿಂದ ಹೆಚ್ಚು ಮಹತ್ವದ ನಂಟು ಕೆ. ಪಿ. ರಾವ್ ಅವರದು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಮುದ್ರಣೋದ್ಯಮದಲ್ಲಿಯೂ ದುಡಿದರು. ಐರಾವತಂ ಮಹಾದೇವನ್ ಅವರು 1977ರಲ್ಲಿ ಪ್ರಕಟಿಸಿದ ಸಿಂಧೂ ಲಿಪಿಯ ಪದಾನುಕ್ರಮಣಿಕೆಯ ಅಕ್ಷರ ಜೋಡಣೆಯಲ್ಲಿ ಅವರ ಪಾಲಿದೆ. ಕನ್ನಡಕ್ಕಾಗಿ ಅವರು ರೂಪಿಸಿ ಉಚಿತವಾಗಿ ಹಂಚಿದ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಪಂಡಿತರೊಬ್ಬರ ಹೆಸರು ತಂತ್ರಾಂಶಕ್ಕೆ ಬಂದದ್ದು ಕೇವಲ ಗೌರವಸೂಚಕವೆಂದು ತೋರುವುದಿಲ್ಲ, ಏಕೆಂದರೆ ಅವರ ಕೀಲಿಮಣೆಯ ವಿನ್ಯಾಸದ ಹಿಂದೆ ಒಂದು ವ್ಯಾಕರಣವಿದೆ. ಅದರಲ್ಲಿ ವ್ಯಂಜನದ ಕೀಲಿಯನ್ನು ಒತ್ತಿದರೆ ಅಕಾರಸಹಿತವಾದ ಅಕ್ಷರ ಮೂಡುತ್ತದೆ. ಸ್ವರದ ಕೀಲಿಯನ್ನು ಒತ್ತಿದರೆ ಅಕಾರದ ಸ್ಥಾನದಲ್ಲಿ ಆ ಸ್ವರ ಬರುತ್ತದೆ. ಒತ್ತಕ್ಷರಕ್ಕೆ ಬೇರೊಂದು ಕೀಲಿ. ತಲೆಕಟ್ಟಿಗೆ ಕೀಲಿಯಿಲ್ಲ.

ಕೀಲಿಯಿಲ್ಲದಿದ್ದರೂ ಸಂಗ್ರಹದಲ್ಲಿ ತಲೆಕಟ್ಟಿಗೆ ಸ್ಥಾನವಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಮತ್ತು ಅದೇ ಜಾತಿಯ ಇತರ ತಂತ್ರಾಂಶಗಳ ಅಕ್ಷರಭಾಗ ಸಂಕೇತದಲ್ಲಿ ಕಕಾರದ ಮೈಗೆ ಒಂದು ಸಂಕೇತ, ತಲೆಕಟ್ಟಿಗೆ ಇನ್ನೊಂದು. ಕನ್ನಡ ಎಂಬ ಪದವು ಅಲ್ಲಿ ಏಳು ಸಂಕೇತಗಳಾಗಿ ಉಳಿಯುತ್ತದೆ: ಕಕಾರದ ಮೈ, ತಲೆಕಟ್ಟು, ನಕಾರದ ಮೈ, ತಲೆಕಟ್ಟು, ನಕಾರದ ಒತ್ತು, ಡಕಾರದ ಮೈ, ತಲೆಕಟ್ಟು. ಜಲ ಎಂಬ ಪದಕ್ಕೆ ಎರಡೇ ಸಂಕೇತ ಸಾಕು, ಅದರ ಎರಡೂ ಅಕ್ಷರಗಳು ತಲೆಕಟ್ಟಿಲ್ಲದವು. 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಇದಕ್ಕೆ ವ್ಯತಿರಿಕ್ತವಾದ ಹಾದಿ ಹಿಡಿಯಿತು. ಅದರಲ್ಲಿ ಕನ್ನಡ ಎಂಬ ಪದಕ್ಕೆ ಐದು ಸಂಕೇತಗಳು. ತಲೆಕಟ್ಟಿಗೆ ಸಂಕೇತವೇ ಇಲ್ಲ.

ಈ ಎರಡು ವ್ಯವಸ್ಥೆಗಳನ್ನು ತಾಂತ್ರಿಕ ಪೈಪೋಟಿಯಾಗಿ ನೋಡುವುದು ರೂಢಿ. ಭಾಷಾವಿಜ್ಞಾನದ ಕಣ್ಣಿಗೆ ಅವು ತಲೆಕಟ್ಟಿನ ಬಗೆಗಿನ ಎರಡು ವಿಶ್ಲೇಷಣೆಗಳು. ಒಂದು ಅದನ್ನು ಸ್ವತಂತ್ರ ಲಿಪಿಘಟಕವೆಂದು ಎಣಿಸುತ್ತದೆ, ಇನ್ನೊಂದು ಅಕ್ಷರರೂಪದ ಆಂತರಿಕ ವಿವರವೆಂದು. ಮೇಲಿನ ವಿಭಾಗದ ಚರ್ಚೆಯನ್ನು ಒಪ್ಪಿದರೆ ಧ್ವನಿಮೌಲ್ಯವಿಲ್ಲದ ಚಿಹ್ನೆಗೆ ಸಂಕೇತ ಕೊಡದ ಯೂನಿಕೋಡಿನ ನಿಲುವೇ ಹೆಚ್ಚು ಸಮಂಜಸ. ಅದರ ಪರಿಣಾಮ ಅಕ್ಷರದ ರೂಪದ ಮೇಲೂ ಆಯಿತು. ತಲೆಕಟ್ಟು ಒಂದೇ ಸಂಕೇತವಾಗಿದ್ದಾಗ ಕಕಾರಕ್ಕೂ ಧಕಾರಕ್ಕೂ ಠಕಾರಕ್ಕೂ ಒಂದೇ ತಲೆಕಟ್ಟು, ಒಂದೇ ಎತ್ತರ, ಒಂದೇ ದಪ್ಪ. ಸಣ್ಣ ಗೆರೆಯ ಅಕ್ಷರದಲ್ಲಿ ಇದು ಬಾಧಿಸುವುದಿಲ್ಲ. ಗೆರೆ ದಪ್ಪವಾದಂತೆ ಒಂದು ಅಕ್ಷರಕ್ಕೆ ಸರಿಹೊಂದಿದ ತಲೆಕಟ್ಟು ಇನ್ನೊಂದರ ಮೈಗೆ ಅಂಟಿಕೊಳ್ಳುತ್ತದೆ. ಯೂನಿಕೋಡಿನಲ್ಲಿ ಕಕಾರವನ್ನು ತಲೆಕಟ್ಟಿನೊಡನೆ ಇಡಿಯಾಗಿ ರೂಪಿಸಲು ಬರುವುದರಿಂದ ಪ್ರತಿ ಅಕ್ಷರಕ್ಕೂ ಅದರದೇ ತಲೆಕಟ್ಟು ಸಾಧ್ಯ. ಸಂಕೇತವಾಗಿ ಇಲ್ಲವಾದ ಮೇಲೆ ತಲೆಕಟ್ಟು ಆಕಾರವಾಗಿ ಸ್ವತಂತ್ರವಾಯಿತು. ಕನ್ನಡದಲ್ಲಿ ಅತಿದಪ್ಪ ಅಚ್ಚಕ್ಷರಗಳು ಯೂನಿಕೋಡಿನ ಕಾಲದಲ್ಲಿ ಹೆಚ್ಚತೊಡಗಿದುದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ.

ತೂಕದ ಲೆಕ್ಕ

ಅಂಥವುಗಳಲ್ಲಿ ಎದ್ದುಕಾಣುವುದು ಮುಂಬಯಿಯ ಏಕ್ ಟೈಪ್ ಬಳಗ ರೂಪಿಸಿದ ಬಲೂ ತಮ್ಮ. ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್ ಇದರ ಕನ್ನಡ ಅಕ್ಷರಗಳ ವಿನ್ಯಾಸಕಾರರು. ದಪ್ಪಗಿನ, ಮೂಲೆಗಳಿಲ್ಲದ, ಕರಡಿಯನ್ನು ನೆನಪಿಸುವ ಈ ಅಕ್ಷರಕುಟುಂಬ ಭಾರತದ ಹಲವು ಲಿಪಿಗಳಲ್ಲಿದೆ. ಹಲವು ಲಿಪಿಗಳ ಆವೃತ್ತಿಗಳಿಗೆ ಆಯಾ ಭಾಷೆಯಲ್ಲಿ ಸೋದರನನ್ನು ಕರೆಯುವ ಪದವನ್ನೇ ಹೆಸರಾಗಿಟ್ಟಿದ್ದಾರೆ: ಕನ್ನಡಕ್ಕೆ ತಮ್ಮ, ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ, ಗುಜರಾತಿಗೆ ಭಾಯಿ. ಮಲಯಾಳಕ್ಕೆ ಮಾತ್ರ ಚೇಟ್ಟನ್, ಅಂದರೆ ಅಣ್ಣ. ಹಿರಿಯ-ಕಿರಿಯರ ಭೇದವನ್ನು ಬಿಡದ ದ್ರಾವಿಡ ಸಂಬಂಧವಾಚಕಗಳ ಮುಂದೆ ಭಾಯಿ ಎಂಬ ಪದದ ಉದಾಸೀನತೆ ಎದ್ದುಕಾಣುತ್ತದೆ ಎಂಬುದು ಇಲ್ಲಿಯ ವಿಷಯಕ್ಕೆ ಹೊರಗಿನ ಮಾತು. ವಿಷಯಕ್ಕೆ ಸಂಬಂಧಿಸಿದ್ದೆಂದರೆ, ಈ ಕುಟುಂಬ ಮೊದಲು ಬಂದದ್ದು ಒಂದೇ ತೂಕದಲ್ಲಿ, ಅದೂ ಅತಿದಪ್ಪದಲ್ಲಿ. ಸಾಧಾರಣ ತೂಕದಿಂದ ಅತಿದಪ್ಪದವರೆಗಿನ ಐದು ತೂಕಗಳು ಎರಡನೆಯ ಆವೃತ್ತಿಯಲ್ಲಿ ಬಂದವು. ಸಾಮಾನ್ಯವಾಗಿ ತೆಳುವಿನಿಂದ ದಪ್ಪಕ್ಕೆ ಹೋಗುವ ಹಾದಿ ಇಲ್ಲಿ ಹಿಂದುಮುಂದಾಗಿದೆ.

ಕನ್ನಡ ಅಕ್ಷರವನ್ನು ದಪ್ಪ ಮಾಡುವುದರ ತೊಡಕನ್ನು ಸರಳವಾದ ಲೆಕ್ಕದಿಂದ ವಿವರಿಸಬಹುದು. ಅಕ್ಷರದ ಎತ್ತರ 10 ಅಂಶವೆಂದು ಇಟ್ಟುಕೊಳ್ಳೋಣ. ರೋಮನ್ ಲಿಪಿಯ ಸೊನ್ನೆಯಾಕಾರದ ಅಕ್ಷರದಲ್ಲಿ ಮೇಲಿನಿಂದ ಕೆಳಕ್ಕೆ ಸಿಗುವುದು ಎರಡು ಗೆರೆ, ನಡುವೆ ಒಂದು ಒಳಬಯಲು. ಗೆರೆಯ ದಪ್ಪ 3 ಅಂಶವಾದರೆ ಒಳಬಯಲಿಗೆ 4 ಅಂಶ ಉಳಿಯುತ್ತದೆ. ಅಕ್ಷರ ದಪ್ಪವಾಗಿಯೂ ಸ್ಪಷ್ಟವಾಗಿಯೂ ಇರುತ್ತದೆ. ಕನ್ನಡದ ರಕಾರದಲ್ಲಿ ಮೇಲೆ ತಲೆಕಟ್ಟು, ಅದರ ಕೆಳಗೆ ಮೈಯ ಮೇಲುಗೆರೆ, ಆಮೇಲೆ ಕೆಳಗೆರೆ, ಹೀಗೆ ಮೂರು ಗೆರೆ ಸಿಗುತ್ತವೆ. ಅದೇ ದಪ್ಪವಾದರೆ ಗೆರೆಗಳಿಗೇ 9 ಅಂಶ ಹೋಯಿತು. ಉಳಿದ 1 ಅಂಶವನ್ನು ಎರಡು ಬಯಲುಗಳು ಹಂಚಿಕೊಳ್ಳಬೇಕು. ಠಕಾರದ ಒಳಗಿನ ಚುಕ್ಕೆಯನ್ನು ಸೇರಿಸಿದರೆ ಜಾಗವೇ ಇಲ್ಲ. ಒತ್ತಕ್ಷರಗಳನ್ನು ಇನ್ನೂ ಲೆಕ್ಕಕ್ಕೆ ತಂದಿಲ್ಲ. ಆದ್ದರಿಂದ ಎಲ್ಲ ಗೆರೆಗಳೂ ಸಮಾನ ದಪ್ಪದವು ಎಂಬ ಜ್ಯಾಮಿತೀಯ ಅಕ್ಷರದ ನಿಯಮ ಕನ್ನಡದಲ್ಲಿ ಅತಿದಪ್ಪಕ್ಕೆ ಹೋದಾಗ ಪಾಲಿಸಲಾಗದ ನಿಯಮ. ಅಡ್ಡಗೆರೆಗಳನ್ನು ತೆಳುವಾಗಿಸಿ, ಉದ್ದಗೆರೆಗಳಿಗೆ ತೂಕ ಕೊಟ್ಟು, ಎಲ್ಲವೂ ಸಮಾನವೆಂಬ ಭ್ರಮೆಯನ್ನು ಕಣ್ಣಿಗೆ ಒದಗಿಸಬೇಕಾಗುತ್ತದೆ.

ಒಳಬಯಲು ಕುಗ್ಗಿದಾಗ ನಷ್ಟವಾಗುವುದು ಏನು? ಕನ್ನಡದಲ್ಲಿ ಹಲವು ಅಕ್ಷರಜೋಡಿಗಳ ಭೇದ ನಿಂತಿರುವುದು ಈ ಒಳಬಯಲಿನಲ್ಲಿಯೇ. ಪಕಾರದ ಮೇಲ್ಭಾಗ ತೆರೆದಿದೆ, ವಕಾರದ್ದು ಮುಚ್ಚಿದೆ. ರಕಾರದೊಳಗೆ ಚುಕ್ಕೆಯಿಟ್ಟರೆ ಠಕಾರ, ಧಕಾರದೊಳಗೆ ಚುಕ್ಕೆಯಿಟ್ಟರೆ ಥಕಾರ. ದಕಾರದ ಹೊಟ್ಟೆ ಸೀಳಿದರೆ ಧಕಾರ. ಡಕಾರ-ಢಕಾರ, ಪಕಾರ-ಫಕಾರಗಳ ನಡುವೆಯೂ ಸೀಳಿನದೇ ವ್ಯತ್ಯಾಸ. ಲಿಪಿಯ ಅತ್ಯಂತ ಚಿಕ್ಕ ಗುರುತುಗಳಿಗೆ ಭಾಷೆಯ ಒಂದು ಇಡೀ ಧ್ವನಿಶ್ರೇಣಿಯನ್ನು ಬೇರ್ಪಡಿಸುವ ಹೊಣೆ ಬಿದ್ದಿದೆ. ದಪ್ಪಕ್ಷರದಲ್ಲಿ ಮೊದಲು ಮುಚ್ಚಿಹೋಗುವುದೂ ಈ ಸೀಳು ಮತ್ತು ಚುಕ್ಕೆಗಳೇ. ಉಡುಪಿಯ ಪೇಟೆಯಲ್ಲಿ ಹಲಗೆಗಳ ಮೇಲೆ ಮತ್ತೆ ಮತ್ತೆ ಕಾಣಸಿಗುವ ಎರಡು ಪದಗಳನ್ನು ಆರಿಸಿಕೊಂಡರೆ ಸಾಕು: ಮಠ ಮತ್ತು ರಥ. ಅಷ್ಟಮಠಗಳೂ ರಥಬೀದಿಯೂ ಇರುವ ಊರಿನಲ್ಲಿ ಇವು ತಪ್ಪಿಸಲಾಗದ ಪದಗಳು. ಎರಡರಲ್ಲಿಯೂ ಒಳಚುಕ್ಕೆಯ ಅಕ್ಷರವಿದೆ. ಚುಕ್ಕೆ ಮುಚ್ಚಿದರೆ ಮಠವು ಮರವಾಗುತ್ತದೆ.

ಸಂದರ್ಭವು ಓದನ್ನು ಕಾಪಾಡುತ್ತದೆ, ರಥಬೀದಿಯಲ್ಲಿ ಮಠವನ್ನು ಮರವೆಂದು ಓದುವವರಾರು ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಕನ್ನಡ ಲಿಪಿಯಲ್ಲಿ ಬರೆಯುವ ತುಳು ಈ ಬಗೆಯ ಅಸ್ಪಷ್ಟತೆಯೊಡನೆ ಬಹುಕಾಲದಿಂದ ಬಾಳಿದೆ. ತುಳುವಿನಲ್ಲಿ ಮಲ್ಪುವೆ ಎಂಬ ಬರಹಕ್ಕೆ ಎರಡು ಓದುಗಳಿವೆ: ಕೊನೆಯ ಸ್ವರವನ್ನು ಬಾಯಿ ಹೆಚ್ಚು ತೆರೆದು ಉಚ್ಚರಿಸಿದರೆ ನಾನು ಮಾಡುತ್ತೇನೆ ಎಂದರ್ಥ, ಸಾಧಾರಣ ಎಕಾರವಾದರೆ ಅವನು ಮಾಡುತ್ತಾನೆ ಎಂದರ್ಥ. ಉತ್ತಮಪುರುಷ ಮತ್ತು ಪ್ರಥಮಪುರುಷಗಳನ್ನೇ ಬರಹ ಬೇರ್ಪಡಿಸದಿದ್ದರೂ ತುಳುವರು ಓದುವುದರಲ್ಲಿ ಎಡವುವುದಿಲ್ಲ. ಹಾಗಿದ್ದ ಮೇಲೆ ಒಂದು ಸೀಳಿನ ಬಗ್ಗೆ ಇಷ್ಟು ಆತಂಕವೇಕೆ?

ಎರಡು ಸಂದರ್ಭಗಳೂ ಮೇಲುನೋಟಕ್ಕೆ ಒಂದೇ ಬಗೆಯವು, ಒಳಗೆ ಒಂದಕ್ಕೊಂದು ವಿರುದ್ಧ. ಮಲ್ಪುವೆ ಎಂಬಲ್ಲಿ ಬರಹ ಕಳೆದುಕೊಂಡ ಭೇದವನ್ನು ಮಾತು ಇಟ್ಟುಕೊಂಡಿದೆ. ಓದುಗನು ತನ್ನ ಬಾಯಿಯಿಂದಲೇ ಅದನ್ನು ಮರಳಿ ತುಂಬಿಕೊಳ್ಳುತ್ತಾನೆ. ಮಹಾಪ್ರಾಣದ ವಿಷಯದಲ್ಲಿ ಕರಾವಳಿಯ ಬಹುಪಾಲು ಮಾತಿಗೆ ತುಂಬಿಕೊಡಲು ಏನೂ ಇಲ್ಲ. ತುಳುವಿನ ದೇಶ್ಯ ಪದಗಳಲ್ಲಿ ಮಹಾಪ್ರಾಣವಿಲ್ಲ, ಆಡುಗನ್ನಡದಲ್ಲಿಯೂ ಧನ ಮತ್ತು ದನಗಳು ಬಹಳಮಟ್ಟಿಗೆ ಒಂದೇ ಆಗಿ ಕೇಳುತ್ತವೆ. ಇಲ್ಲಿ ಭೇದ ಉಳಿದಿರುವುದು ಬರಹದಲ್ಲಿ, ಬರಹದೊಳಗೆ ಸೀಳಿನಲ್ಲಿ. ಸೀಳು ಮುಚ್ಚಿದರೆ ಅದನ್ನು ಮರಳಿ ತೆರೆಯುವ ನಾಲಿಗೆ ಇಲ್ಲ. ಜನರ, ಮನೆತನಗಳ, ಊರುಗಳ ಹೆಸರುಗಳಿಗೆ ಸಂದರ್ಭದ ರಕ್ಷಣೆಯೂ ಕಡಿಮೆ. ಹೆಸರುಹಲಗೆಯಲ್ಲಿರುವುದು ಹೆಚ್ಚಾಗಿ ಹೆಸರೇ ತಾನೆ?

ಡಿ. ಎನ್. ಶಂಕರ ಭಟ್ಟರು ಹೊಸ ಬರಹದ ಪ್ರಸ್ತಾವದಲ್ಲಿ ಮಹಾಪ್ರಾಣಾಕ್ಷರಗಳನ್ನು ಕೈಬಿಡಬೇಕೆಂದದ್ದು ಮಾತಿನಲ್ಲಿಲ್ಲದ ಭೇದವನ್ನು ಬರಹ ಹೊರಬೇಕಾಗಿಲ್ಲ ಎಂಬ ನೆಲೆಯಿಂದ. ಅದನ್ನು ಒಪ್ಪಿದವರೂ ಒಪ್ಪದವರೂ ಕನಿಷ್ಠಪಕ್ಷ ಕಾರಣಗಳನ್ನು ಎದುರುಬದುರು ಇಟ್ಟು ವಾದಿಸಿದ್ದಾರೆ. ದಪ್ಪಕ್ಷರವು ಅದೇ ಫಲವನ್ನು ವಾದವಿಲ್ಲದೆ, ಉದ್ದೇಶವೂ ಇಲ್ಲದೆ, ಪೇಟೆಬೀದಿಯಲ್ಲಿ ತರುತ್ತಿದೆ. ಬರಹದ ಸುಧಾರಣೆ ಆಗಬೇಕೋ ಬೇಡವೋ ಎಂಬುದು ಬೇರೆಯೇ ಚರ್ಚೆ. ಅದನ್ನು ಗೆರೆಯ ದಪ್ಪ ತೀರ್ಮಾನಿಸುವುದು ಮಾತ್ರ ಯಾರ ಪಕ್ಷಕ್ಕೂ ಒಪ್ಪಿಗೆಯಾಗಲಾರದು. ಇಲ್ಲಿ ತಲೆಕಟ್ಟಿನ ಪಾತ್ರ ಮತ್ತೆ ಮುನ್ನೆಲೆಗೆ ಬರುತ್ತದೆ. ಸೀಳಿಗೂ ಚುಕ್ಕೆಗೂ ಜಾಗ ಬೇಕಾದರೆ ಎಲ್ಲಿಂದಲಾದರೂ ಅದನ್ನು ಬಿಡಿಸಿಕೊಳ್ಳಬೇಕು. ಧ್ವನಿಭೇದವನ್ನು ಹೊರದ, ಸ್ಥಾನವನ್ನು ಮಾತ್ರ ಕಾಯುವ ಗೆರೆ ತಲೆಕಟ್ಟೊಂದೇ. ಅದನ್ನು ತೆಗೆಯುವಂತಿಲ್ಲ, ತೆಳ್ಳಗಾಗಿಸಬಹುದು, ಮೋಟಾಗಿಸಬಹುದು, ಮೈಗೆ ಒಂದು ಕಡೆಯಲ್ಲಿ ತಾಗಿಸಬಹುದು. ಠಕಾರದಲ್ಲಿ ಹೀಗೆ ಗಳಿಸಿದ ಅರ್ಧ ಅಂಶವೇ ಚುಕ್ಕೆಯ ಪ್ರಾಣ. ಪ್ರತಿ ಅಕ್ಷರಕ್ಕೂ ಅದರದೇ ತಲೆಕಟ್ಟನ್ನು ಕೊಡಬಲ್ಲ ಇಂದಿನ ವ್ಯವಸ್ಥೆಯಲ್ಲಿ ಇದು ಸಾಧ್ಯ. ಒಂದೇ ತಲೆಕಟ್ಟನ್ನು ಎಲ್ಲಕ್ಕೂ ತೊಡಿಸುತ್ತಿದ್ದ ಹಿಂದಿನ ವ್ಯವಸ್ಥೆಯಲ್ಲಿ ಸಾಧ್ಯವಿರಲಿಲ್ಲ.

ತುಳು ಲಿಪಿಯ ಹಲಗೆಗಳು

ಕರಾವಳಿಯ ಕೆಲವು ಊರುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಕನ್ನಡದ ಜೊತೆಗೆ ತುಳು ಲಿಪಿಯ ನಾಮಫಲಕಗಳೂ ಕಾಣಿಸಿಕೊಳ್ಳುತ್ತಿವೆ. ಗ್ರಂಥ ಲಿಪಿಯ ಕವಲಾದ ತುಳು-ತಿಗಳಾರಿ ಮುಖ್ಯವಾಗಿ ತಾಳೆಗರಿಯ ಮೇಲೆ, ಹೆಚ್ಚಾಗಿ ಸಂಸ್ಕೃತ ಗ್ರಂಥಗಳ ಪ್ರತಿಗಳಲ್ಲಿ ಬದುಕಿದ ಲಿಪಿ. ಅದು 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೆಯ ಆವೃತ್ತಿಗೆ ಸೇರಿತು. ಅದರ ಪ್ರಸ್ತಾವವನ್ನು ಸಿದ್ಧಪಡಿಸಿದವರಲ್ಲಿ ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಇದ್ದಾರೆ. ಇವರಲ್ಲಿ ವೈಷ್ಣವಿ ಮೂರ್ತಿಯವರು ಹ್ವಾನ್ ಲೂಯಿಸ್ ಬ್ಲಾಂಕೋ ಅವರೊಡನೆ ಅಕಾಯ ಕನಡಕ ಎಂಬ ಕನ್ನಡ ಫಲಕಾಕ್ಷರವನ್ನು ರೂಪಿಸಿದವರು.

ಈ ಲಿಪಿಗೆ ತಲೆಕಟ್ಟಿಲ್ಲ. ಗ್ರಂಥದ ಕವಲುಗಳು ತಲೆಗುರುತನ್ನು ಕೈಬಿಟ್ಟ ಹಾದಿಯಲ್ಲಿಯೇ ಅದೂ ನಡೆದಿದೆ. ಆದ್ದರಿಂದ ಅದರ ದಪ್ಪಕ್ಷರದಲ್ಲಿ ನೆತ್ತಿಯ ಗೆರೆಗೆಂದು ಮೀಸಲಿಡಬೇಕಾದ ಎತ್ತರವಿಲ್ಲ. ಮೇಲಿನ ಲೆಕ್ಕದಲ್ಲಿ ಒಂದು ಗೆರೆ ಕಡಿಮೆ. ಆದರೆ ಸುಳಿಗಳು ಹೆಚ್ಚು, ಕಂಠದ ಸಣ್ಣ ಗೆರೆಗಾಗಿಯೇ ಬೆಳೆದ ಸುಳಿಗಳು ಅವು. ಅವುಗಳಲ್ಲಿ ಯಾವುದು ಅಕ್ಷರವನ್ನು ಬೇರ್ಪಡಿಸುವ ಸುಳಿ, ಯಾವುದು ಬರೆಯುವ ಕೈಯ ಓಟದಿಂದ ಬಂದ ಸುಳಿ ಎಂಬುದನ್ನು ಕನ್ನಡಕ್ಕೆ ನೂರಾರು ವರ್ಷಗಳ ಓದು-ಬರಹ, ಅಚ್ಚಿನ ಮನೆ, ಶಾಲೆಯ ಕಾಗುಣಿತ ಸೇರಿ ತೀರ್ಮಾನಿಸಿಕೊಟ್ಟಿದ್ದವು. ತುಳು ಲಿಪಿಗೆ ಆ ತೀರ್ಮಾನ ಈಗ ಆಗುತ್ತಿದೆ, ಮತ್ತು ಅದು ಮೊದಲು ಆಗುತ್ತಿರುವುದು ಒಡಲಬರಹದಲ್ಲಲ್ಲ, ಬಸ್ಸು ನಿಲ್ಲುವ ಕಡೆಯ ಹಲಗೆಗಳ ಮೇಲೆ.